ಆ ಗಾಲಿಯ ಮೇಲಿನ ಸೀಟು

"ಹಿಮಾಲಯ ನೋಡಿದ್ರಾ ಮೇಡಂ?" ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನೋಡಿದೆ. ಬೆಳ್ಳಗಿತ್ತು, ದೂರದಲ್ಲಿತ್ತು. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ನೇಪಾಳಕ್ಕೆ ಹೋಗಿಬಂದವರು ಊರಿನಲ್ಲಿ ರುದ್ರಾಕ್ಷಿ ಹಂಚಬೇಕು, ಮಂಜಿನ ಮಾತಾಡಬೇಕು. ನಾನು ರುದ್ರಾಕ್ಷಿ ತರಲಿಲ್ಲ. ಒಂದು ಟೈರಿನ ವಿಷಯ ಹೇಳುವುದಿದೆ. ಹೇಳುವಾಗ ಈಗಲೂ ಸಿಟ್ಟು ಬರುತ್ತದೆ. ಬರಲಿ.

ಎಂ.ಸಿ.ಸಿ. ಬಿ ಬ್ಲಾಕ್

ಹೊರಟದ್ದು ದಾವಣಗೆರೆಯ ಈ ಬಡಾವಣೆಯಲ್ಲಿರುವ ಗುರುಬಸಪ್ಪ ಸಾಹುಕಾರರ ಮನೆಯ ಮುಂದಿನಿಂದ. ಅವರದು ಕಿರಾಣಿ ಸಗಟು ವ್ಯಾಪಾರ, ಜೊತೆಗೆ ಬಾಡಿಗೆಗೆ ಓಡುವ ಎರಡು ಮೆಟಡಾರ್. ಪ್ರತಿ ಶಿವರಾತ್ರಿಗೆ ಒಂದರಲ್ಲಿ ತಮ್ಮ ಬಳಗವನ್ನು ತುಂಬಿಕೊಂಡು ಎಲ್ಲಿಗಾದರೂ ಹೋಗುತ್ತಾರೆ. ಆ ವರ್ಷ ಪಶುಪತಿನಾಥ. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಾಡಿಯ ಹಿಂದೆ ‘ದಾವಣಗೆರೆ ಜಿಲ್ಲೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು, ನೇಪಾಳದವರು ಕನ್ನಡ ಓದಿ ತಿಳಿದುಕೊಳ್ಳಲಿ ಎಂಬಂತೆ.

ನಮ್ಮಪ್ಪ ಹನುಮಂತಪ್ಪ ಆ ಬಳಗದವನಲ್ಲ. ಪಿ.ಬಿ. ರಸ್ತೆಯ ಪಕ್ಕ ತಗಡಿನ ಶೆಡ್ಡಿನಲ್ಲಿ ಟೈರಿಗೆ ಗೀರು ಕೊರೆಯುವವನು. ಓಡಿ ಓಡಿ ಬೋಳಾದ ಟೈರಿನ ಮೇಲೆ, ಕೆಂಪಗೆ ಕಾಯಿಸಿದ ಬ್ಲೇಡಿನಿಂದ ಹೊಸ ಟೈರಿನ ಹಾಗೆ ಗೀರು ಹಾಕುವ ಕೆಲಸ ಅದು. ಗೀರು ಬರುತ್ತದೆ, ರಬ್ಬರು ಬರುವುದಿಲ್ಲ. ಉಳಿದ ತೆಳು ರಬ್ಬರನ್ನೇ ಕೊರೆದು ಇನ್ನೂ ತೆಳು ಮಾಡುವುದು. ಮೇಲೆ ಕಪ್ಪು ಪಾಲಿಶ್ ಒರೆಸಿದರೆ ತಪಾಸಣೆಯವರಿಗೂ ಗೊತ್ತಾಗದು, ಒಳಗೆ ಕೂತವರಿಗಂತೂ ಗೊತ್ತಾಗದು.

ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಬಿ.ಎಸ್ಸಿ., ಬಿ.ಇಡಿ. ಹರಿಹರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ, ಯಾಕೆಂದರೆ ಸುಮ್ಮನೆ ಬಂದದ್ದಲ್ಲ. ಅಪ್ಪ ರಬ್ಬರಿನ ಹೊಗೆ ಕುಡಿದು ಕೆಮ್ಮುತ್ತ ಓದಿಸಿದ. ನಾನು ಅದೇ ಶೆಡ್ಡಿನ ಬಲ್ಬಿನ ಕೆಳಗೆ ಟೈರಿನ ಮೇಲೆ ಕೂತು ಓದಿದೆ.

"ಹನುಮಂತ, ದೂರದ ದಾರಿ. ಗಾಲಿ ನೋಡ್ಕೊಳ್ಳಾಕೆ ಒಬ್ರು ಬೇಕು. ಹೆಂಡ್ತಿನೂ ಕರ್ಕೊಂಡು ಬಾ. ಪುಕ್ಕಟೆ ದರ್ಶನ ಆಗ್ತೈತೆ" ಎಂದು ಸಾಹುಕಾರರು ಅಪ್ಪನನ್ನು ಕರೆದಿದ್ದರು. ಅಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಅವಳ ಬದಲು ನಾನು ಹೊರಟೆ, ಆದರೆ ಪುಕ್ಕಟೆ ಅಲ್ಲ, ನನ್ನ ಸೀಟಿಗೆ ದುಡ್ಡು ಕೊಟ್ಟು. ಸಾಹುಕಾರರು ನಗುತ್ತ ತೆಗೆದುಕೊಂಡರು. "ಓದಿದ ಮಕ್ಕಳು ನೋಡ್ರಿ" ಎಂದರು ಸುತ್ತ ಇದ್ದವರಿಗೆ.

ನಾಲ್ಕು ಗಾಲಿಗೂ ಹೊಸ ಟೈರು ಹಾಕಿಸಿದ್ದರು. ಅವುಗಳಿಗೆ ವಿಭೂತಿ ಬಳಿದು, ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಉಕ್ಕಡಗಾತ್ರಿ ಅಜ್ಜಯ್ಯನ ಹೆಸರು ಹೇಳಿ ಗಾಡಿ ಬಿಟ್ಟರು. ಐದನೆಯ ಗಾಲಿ, ಸ್ಟೆಪ್ನಿ, ಮೇಲೆ ಕ್ಯಾರಿಯರಿನಲ್ಲಿ ತಾಡಪಾಲಿನ ಕೆಳಗಿತ್ತು. ಅದಕ್ಕೆ ಪೂಜೆ ಇರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸುನೌಲಿ

ಆರನೆಯ ದಿನ ಗಡಿ ದಾಟಿದೆವು. ಒಂದು ಕಮಾನು, ಆಚೆ ಬೇರೆ ದೇಶ. ಇಷ್ಟೇನಾ ಎನಿಸಿತು.

"ಇದೇನ್ ಫಾರಿನ್ನು?" ಎಂದರು ಗಿರಿಜಮ್ಮ. "ಇಲ್ಲೂ ಆಕಳು ರಸ್ತೆಗೇ ಮಲಗೈತೆ."

ಎಸ್.ಎಸ್. ಬಡಾವಣೆಯ ಗಿರಿಜಮ್ಮನವರಿಗೆ ಅರವತ್ತು ದಾಟಿತ್ತು. ಹನ್ನೆರಡು ವರ್ಷ ಶಿವರಾತ್ರಿ ವ್ರತ ಹಿಡಿದಿದ್ದರು. ಕೊನೆಯ ಜಾಗರಣೆ ಪಶುಪತಿಯ ಎದುರಲ್ಲೇ ಆಗಬೇಕು, ಅಲ್ಲಿ ವ್ರತ ಬಿಡಬೇಕು ಎಂದು ಹರಕೆ. ಮಡಿಲಲ್ಲಿ ಬಿಲ್ವಪತ್ರೆಯ ಗಂಟು ಇಟ್ಟುಕೊಂಡು, ದಾವಣಗೆರೆಯಿಂದ ಒಂದೇ ಸೀಟಿನಲ್ಲಿ ಕೂತು ಬಂದಿದ್ದರು. ಎಡಗಡೆಯ ಹಿಂದಿನ ಸೀಟು ಅದು, ಗಾಲಿಯ ಉಬ್ಬಿನ ನೇರ ಮೇಲೆ. ಕಾಲಿಡಲು ಉಬ್ಬು ಅನುಕೂಲ ಎಂದು ಅವರೇ ಆರಿಸಿಕೊಂಡದ್ದು.

ಗಡಿಯಲ್ಲಿ ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಬೇಕು ಎಂದಾಗ ಅವರು ಒಪ್ಪಲಿಲ್ಲ. "ಕಾಲು ಗಂಟೆ ಯಾಕ? ಅವ್ರಿಗೇನ್ ಬೇರೆ ಸೂರ್ಯ ಬರ್ತಾನಾ?" ನಾನು ರೇಖಾಂಶ ವಿವರಿಸಿದೆ. ಅವರು ಕೇಳಿಸಿಕೊಂಡು ಗಡಿಯಾರವನ್ನು ಹಾಗೇ ಬಿಟ್ಟರು.

ಗಾಡಿ ತಪಾಸಣೆ ಮಾಡಿದವನು ನಮ್ಮ ರೊಟ್ಟಿಯ ಗಂಟು ಬಿಚ್ಚಿಸಿದ. ಖಡಕ್ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ, ತಟ್ಟೆ ಮಾರಲು ತಂದಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದ. ಮುರಿದು ಶೇಂಗಾ ಚಟ್ನಿ ಹಚ್ಚಿ ಕೊಟ್ಟೆವು. ತಿಂದು, ನೀರು ಕುಡಿದು, ಬಿಟ್ಟ. ಪ್ರವಾಸದಲ್ಲಿ ನಾನು ಮನಸಾರೆ ನಕ್ಕದ್ದು ಅಲ್ಲಿಗೇ ಕೊನೆ.

ಮುಗ್ಲಿಂಗ್

ಶಿವರಾತ್ರಿಯ ದಿನ. ಎಲ್ಲರೂ ಉಪವಾಸ. ಸಂಜೆಗೆ ಕಠ್ಮಂಡು ಮುಟ್ಟಬೇಕಿತ್ತು. ದಾರಿಯುದ್ದಕ್ಕೂ ನೇಪಾಳಿ ಮಕ್ಕಳು ರಸ್ತೆಗೆ ಹಗ್ಗ ಅಡ್ಡ ಹಿಡಿದು ನಿಂತಿದ್ದರು. ಶಿವರಾತ್ರಿಯ ಬೆಂಕಿಗೆ ಸೌದೆ ಕೊಳ್ಳಲು ಚಂದಾ. ನಮ್ಮಲ್ಲಿ ಹೋಳಿ ಹಬ್ಬಕ್ಕೆ ಬೀದಿ ಬೀದಿ ತಿರುಗಿ ಕೇಳುತ್ತಾರೆ, ಇಲ್ಲಿ ಮಕ್ಕಳು ನಿಂತಲ್ಲೇ ನಿಂತು ರಸ್ತೆಯನ್ನೇ ಹಿಡಿಯುತ್ತಾರೆ. ಪ್ರತಿ ಹಗ್ಗಕ್ಕೂ ನಿಂತು ನಿಂತು ತಡವಾಗಿತ್ತು, ನಮ್ಮವರಿಗೆ ತಾಳ್ಮೆ ಕೆಟ್ಟಿತ್ತು.

ನಾರಾಯಣಘಾಟ್ ದಾಟಿದ ಮೇಲೆ ರಸ್ತೆ ಬೆಟ್ಟದ ಪಕ್ಕೆಗೆ ಅಂಟಿಕೊಂಡು ಏರುತ್ತದೆ. ಎಡಗಡೆ ಆಳದಲ್ಲಿ ನದಿ. ಮುಗ್ಲಿಂಗ್ ಇನ್ನೇನು ಬಂತು ಎನ್ನುವಾಗ ಎದುರಿಗೆ ಲಾರಿ ಬಂತು. ಡ್ರೈವರ್ ರಫೀಕ್, ಹರಿಹರದವನು, ದಾರಿ ಬಿಡಲು ಅಂಚಿಗೆ ಸರಿದ. ಅಂಚಿನಲ್ಲಿ ನೆಟ್ಟ ಕಲ್ಲುಗಳಲ್ಲಿ ಒಂದು ಮುರಿದು ಚೂಪಾಗಿತ್ತು. ಎಡಗಡೆಯ ಹಿಂದಿನ ಟೈರನ್ನು ಅದು ಪಕ್ಕದಿಂದ ಸೀಳಿತು. ಕೈ ಬೆರಳುದ್ದದ ಸೀಳು.

ಗಾಡಿಯನ್ನು ಹಾಗೇ ಮೆಲ್ಲಗೆ ಉರುಳಿಸಿಕೊಂಡು ಮುಗ್ಲಿಂಗಿನ ಒಂದು ಟೈರ್ ರಿಪೇರಿ ಅಂಗಡಿಗೆ ಒಯ್ದರು. ಮುಂದುಗಡೆ ಹೆಂಡತಿ ಚಹಾ ಮಾರುತ್ತಾಳೆ, ಹಿಂದುಗಡೆ ಗಂಡ ಟೈರ್ ನೋಡುತ್ತಾನೆ. ಅವನು ಸೀಳಿನೊಳಗೆ ಹೆಬ್ಬೆರಳು ಹಾಕಿ ನೋಡಿದ. ಸೀಮೆಸುಣ್ಣದಿಂದ ಅದರ ಸುತ್ತ ಒಂದು ವೃತ್ತ ಎಳೆದ. "ನಹೀ ಹೋಗಾ" ಎಂದ.

"ಯಾಕಾಗಲ್ಲ?" ಸಾಹುಕಾರರಿಗೆ ಅರ್ಥವೇ ಆಗಲಿಲ್ಲ. "ಅಂದರ್ ಪಟ್ಟಿ ಡಾಲೋ. ಸಿಲಾಯಿ ಮಾರೋ. ಹಮಾರಾ ದಾವಣಗೆರೆ ಮೇ ಸಬ್ ಕರ್ತಾ."

ಅವರು ಹೇಳಿದ್ದು ನಿಜ. ನಮ್ಮಲ್ಲಿ ಹಳೆ ಟೈರಿನ ತುಂಡು ಒಳಗಿಟ್ಟು, ದಪ್ಪ ದಾರದಿಂದ ಸೀಳನ್ನು ಹೊಲಿದು, ಮೇಲೆ ಬಿಸಿ ಪ್ಯಾಚ್ ಹಾಕಿ ಕಳಿಸುತ್ತಾರೆ. ಪಿ.ಬಿ. ರಸ್ತೆಯಲ್ಲಿ ‘ಆಗಲ್ಲ’ ಎನ್ನುವ ಟೈರಿನವನನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಈ ಮನುಷ್ಯ ಮೇಲೆ ಕೈ ತೋರಿಸಿ "ಪಹಾಡ್" ಎಂದ, ಕೆಳಗೆ ತೋರಿಸಿ "ನದೀ" ಎಂದ. ದುಪ್ಪಟ್ಟು ಕೊಡುತ್ತೇನೆ ಎಂದರೂ ಕೈ ಒರೆಸಿಕೊಂಡು ಚಹಾ ಕುಡಿಯಲು ಹೋದ. ಹೊಸ ಟೈರು ನಾರಾಯಣಘಾಟಿನಲ್ಲಿ ಸಿಗುತ್ತದೆ ಎಂದು ಅವನ ಹೆಂಡತಿ ಹೇಳಿದಳು. ಬಸ್ಸಿನಲ್ಲಿ ವಾಪಸು ಇಳಿದು, ತಂದು, ಹಾಕುವಷ್ಟರಲ್ಲಿ ಕತ್ತಲಾಗುತ್ತದೆ. ಕತ್ತಲಲ್ಲಿ ಈ ಬೆಟ್ಟದ ದಾರಿ ಓಡಿಸಲಾರೆ ಎಂದು ರಫೀಕ್ ಮೊದಲೇ ಹೇಳಿದ್ದ. ಅಂದರೆ ಶಿವರಾತ್ರಿ ತಪ್ಪಿತು.

ಗಿರಿಜಮ್ಮ ಗಾಡಿಯೊಳಗಿಂದಲೇ ಕೇಳಿದರು. "ಸ್ಟೆಪ್ನಿ ಐತಲ್ಲ? ಅದನ್ಯಾಕ ಹೊತ್ಕೊಂಡು ಬಂದೀವಿ?"

ತಾಡಪಾಲು ಸರಿಸಿ ಸ್ಟೆಪ್ನಿ ಇಳಿಸಿದರು. ಕಪ್ಪಗೆ ಮಿಂಚುತ್ತಿತ್ತು. "ನೋಡ್ರಿ, ಹೊಸಾದಿದ್ದಂಗೆ ಐತೆ" ಎಂದು ಯಾರೋ ಅಂದರು.

ನಾನು ನೋಡಿದೆ. ಬ್ಲೇಡಿನ ಗೀರಿಗೆ ಅಂಚು ಇರುತ್ತದೆ. ಬಲಗೈಯವರು ಕೊರೆದರೆ ಅಂಚು ಒಂದು ಕಡೆಗೆ ಓರೆ, ಎಡಗೈಯವರು ಕೊರೆದರೆ ಇನ್ನೊಂದು ಕಡೆಗೆ. ನಮ್ಮೂರಲ್ಲಿ ಈ ಕೆಲಸ ಮಾಡುವ ಎಡಗೈಯವನು ಒಬ್ಬನೇ. ಅವನು ನನ್ನ ಪಕ್ಕದಲ್ಲಿ ನಿಂತಿದ್ದ. ಗೀರಿನೊಳಗೆ ಪೆನ್ನಿನ ತುದಿ ಇಟ್ಟು ಕೆದಕಿದೆ. ಪಾಲಿಶ್ ಎದ್ದು ಬಂತು, ಅದರ ಕೆಳಗೆ ದಾರ ಕಂಡಿತು. ರಬ್ಬರು ಮುಗಿದು ಟೈರಿನ ಒಳದಾರ.

"ಇದು ಕೊರೆದ ಟೈರು" ಎಂದೆ ಎಲ್ಲರಿಗೂ ಕೇಳುವಂತೆ. "ಇದನ್ನ ಹಾಕಬಾರದು."

ಸಾಹುಕಾರರಿಗೆ ನಾಚಿಕೆಯೂ ಆಗಲಿಲ್ಲ. "ಹೌದಮ್ಮ, ಕೊರೆದದ್ದೇ. ಕೊರೆದೋನು ಇಲ್ಲೇ ಅದಾನಲ್ಲ. ಇಪ್ಪತ್ತು ವರ್ಷದ ಕೈ. ಏ ಹನುಮಂತ, ನೀನೇ ಹೇಳು. ನಡೀತೈತೋ ಇಲ್ಲೋ?"

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಬಗ್ಗಿ ಟೈರಿನ ಮೇಲೆ ಎಡಗೈ ಆಡಿಸಿದ. ಆ ಕೈಗೆ ಎಲ್ಲ ಗೊತ್ತು. ಎಲ್ಲಿ ಎಷ್ಟು ರಬ್ಬರು ಉಳಿದಿದೆ ಎಂದು ಕತ್ತಲಲ್ಲೂ ಹೇಳುವ ಕೈ.

"ನಡೀತೈತೆ ಸಾವ್ಕಾರ್ರ" ಎಂದ.

"ಅಪ್ಪ, ದಾರ ಕಾಣ್ತೈತೆ."

"ನಡೀತೈತೆ ಬಿಡು. ನಿಧಾನ ಹೋದ್ರಾತು."

"ಸಾಕು ಹೋಗ್ರಿ ಮೇಡಂ" ಎಂದರು ಸಾಹುಕಾರರು. "ಸಾಲಿ ಮಕ್ಕಳಿಗೆ ಹೇಳೋದನ್ನ ಇಲ್ಲಿ ಹೇಳ್ಬ್ಯಾಡ್ರಿ. ಹತ್ರಿ ಎಲ್ರೂ, ಹತ್ರಿ."

ರಫೀಕ್ ಜಾಕಿ ಹಾಕುತ್ತಿದ್ದ. ನಾನು ಅವನ ಹತ್ತಿರ ಹೋಗಿ ಕೂತು ನಿನಗೇನು ಅನಿಸುತ್ತದೆ ಎಂದು ಕೇಳಿದೆ. ತಲೆಯೆತ್ತದೆ ಹೇಳಿದ. "ನಂಗ್ ಕೇಳಿದ್ರೆ ಹೊಸಾದು ಮೇಡಂ. ನಂಗ್ಯಾರ್ ಕೇಳ್ತಾರ?" ಮತ್ತೆ ಬೋಲ್ಟು ಬಿಗಿದ.

ಗಾಲಿ ಕೂತಿತು. ಜನ ಹತ್ತಿದರು. ಗಿರಿಜಮ್ಮ ತಮ್ಮ ಜಾಗದಲ್ಲಿ ಬಿಲ್ವಪತ್ರೆಯ ಗಂಟು ಸರಿಮಾಡಿಕೊಂಡು ಕೂತಿದ್ದರು, ಕಾಲು ಆ ಉಬ್ಬಿನ ಮೇಲೆ. ಆ ತಗಡಿನ ಕೆಳಗೆ ಗೇಣು ದೂರದಲ್ಲಿ ಆ ಟೈರು. ಟೈರು ಒಡೆದರೆ ತಗಡು ಹರಿದು ಮೇಲೆ ಬರುತ್ತದೆ. ಶೆಡ್ಡಿನ ಮುಂದೆ ಅಂಥ ಗಾಡಿಯೊಂದು ನಿಂತದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಅಪ್ಪನೂ ನೋಡಿದ್ದ. ಇಲ್ಲಿ ಒಡೆದರೆ ಗಾಡಿಯೇ ನದಿಯ ಪಾಲು.

ನನಗೆ ತಡೆಯಲಾಗಲಿಲ್ಲ. "ಗಿರಿಜಮ್ಮನವರೇ, ಏಳ್ರಿ. ನನ್ನ ಸೀಟಿಗೆ ಹೋಗ್ರಿ, ಮುಂದೈತೆ. ನಾನಿಲ್ಲಿ ಕೂರ್ತೀನಿ."

"ಯಾಕಮ್ಮ?"

"ನಮ್ಮಪ್ಪ ನಡೀತೈತೆ ಅಂದಾನಲ್ಲ, ಅದಕ್ಕೆ."

ಅವರು ಗೊಣಗುತ್ತ ಎದ್ದರು. ನಾನು ಕೂತು ಉಬ್ಬಿನ ಮೇಲೆ ಕಾಲಿಟ್ಟೆ. ಅಪ್ಪ ಇನ್ನೂ ಕೆಳಗೇ ಇದ್ದ, ಬಾಗಿಲ ಹತ್ತಿರ. ನನ್ನನ್ನು ಅಲ್ಲಿ ಕಂಡವನೇ ಒಳಗೆ ಬಂದು ತೋಳು ಹಿಡಿದ.

"ಅಲ್ಲಿ ಬ್ಯಾಡ. ಏಳು. ಇತ್ಲಾಗ ಬಾ."

"ನಡೀತೈತೆ ಅಂದ್ಯಲ್ಲ?"

"ಅಲ್ಲಿ ಬ್ಯಾಡ ಅಂದ್ರ ಬ್ಯಾಡ."

ಎಲ್ಲರೂ ಇತ್ತ ತಿರುಗಿದರು. ಮೊದಲು ಬಾಯಿ ಬಿಟ್ಟವರು ಗಿರಿಜಮ್ಮ.

"ಯಾಕ ಹನುಮಂತಪ್ಪ? ನಾ ಕುಂತ್ರೆ ನಡೀತೈತೆ, ನಿನ್ ಮಗಳು ಕುಂತ್ರೆ ನಡಿಯಂಗಿಲ್ಲ?"

ಅಪ್ಪ ನನ್ನ ತೋಳು ಬಿಡಲಿಲ್ಲ. ಗಿರಿಜಮ್ಮ ಗಂಟು ಎತ್ತಿಕೊಂಡು ಗಾಡಿಯಿಂದ ಇಳಿದರು. ಅವರ ಹಿಂದೆ ಒಬ್ಬೊಬ್ಬರೇ ಎಲ್ಲರೂ ಇಳಿದರು. ಸಾಹುಕಾರರು ಮುಂದಿನ ಸೀಟಿನಲ್ಲಿ ಒಬ್ಬರೇ ಉಳಿದರು.

ಆಮೇಲೆ ಅವರು ಬೈದದ್ದನ್ನು ಬರೆಯುವುದಿಲ್ಲ. ಬೈದದ್ದು ಅಪ್ಪನನ್ನು, ನನ್ನನ್ನಲ್ಲ. ರಫೀಕನನ್ನು ಕರೆದುಕೊಂಡು ಬಸ್ಸಿನಲ್ಲಿ ನಾರಾಯಣಘಾಟಿಗೆ ಹೋಗಿ ಹೊಸ ಟೈರು ತಂದರು. ನಮ್ಮ ಶಿವರಾತ್ರಿ ಆ ಚಹಾದಂಗಡಿಯ ಬೆಂಚಿನ ಮೇಲೆ ಕಳೆಯಿತು.

ಎಲ್ಲರೂ ನನ್ನನ್ನು ಮೆಚ್ಚಿದರು ಎಂದುಕೊಂಡಿರೇನೋ. ಯಾರೂ ಮೆಚ್ಚಲಿಲ್ಲ. ನನಗೂ ನನ್ನ ಮೇಲೆ ಮೆಚ್ಚುಗೆ ಬರಲಿಲ್ಲ. ನನಗೆ ಸಾಹುಕಾರರ ಮೇಲೆ ಸಿಟ್ಟಿತ್ತು, ಅದು ಹಳೆಯ ಸಿಟ್ಟು, ಅಭ್ಯಾಸವಾದದ್ದು. ಆದರೆ ಆ ದಿನ ಬಂದ ಹೊಸ ಸಿಟ್ಟು ಅಪ್ಪನ ಮೇಲೆ. ಹನ್ನೆರಡು ಜನರಿಗೆ ನಡೀತೈತೆ ಎಂದ ಬಾಯಿ, ನನಗೊಬ್ಬಳಿಗೆ ಬ್ಯಾಡ ಎಂದಿತು. ನನ್ನನ್ನು ಪ್ರೀತಿಸಿದ್ದಕ್ಕೆ ಅವನ ಮೇಲೆ ನಾನು ಅಷ್ಟು ಸಿಟ್ಟಾದದ್ದು ಅದೇ ಮೊದಲು.

ಕಠ್ಮಂಡು

ಮರುದಿನ ಮಧ್ಯಾಹ್ನ ಮುಟ್ಟಿದೆವು. ಪಶುಪತಿಯ ಸುತ್ತ ಜಾತ್ರೆ ಮುಗಿದ ನೆಲ: ಬಾಳೆಹಣ್ಣಿನ ಸಿಪ್ಪೆ, ಬೂದಿ, ತುಳಿದ ಹೂವು, ಅದರ ನಡುವೆ ಕೋತಿಗಳು. ಸಾಲೇ ಇರಲಿಲ್ಲ. ಅಲ್ಲಿ ಪೂಜೆ ಮಾಡುವವರು ನಮ್ಮ ಕರ್ನಾಟಕದ ಕಡೆಯವರು ಎಂದು ಎಲ್ಲರೂ ಹೇಳಿಕೊಂಡು ಬಂದಿದ್ದರು. ಕನ್ನಡದಲ್ಲಿ ನಾಲ್ಕು ಮಾತಾಡುವ ಆಸೆಯೂ ಯಾರಿಗೂ ಉಳಿದಿರಲಿಲ್ಲ.

ಗಿರಿಜಮ್ಮ ಬಾಡಿದ ಬಿಲ್ವಪತ್ರೆ ಕೊಟ್ಟು ಹೊರಗೆ ಬಂದರು. ನಾನು ಹತ್ತಿರ ಹೋದೆ. ಮುಂದಿನ ವರ್ಷ ಮತ್ತೆ ಬರಬಹುದಲ್ಲ ಎಂದೆ.

"ಹನ್ನೆರಡು ವರ್ಷ ಅಂದ್ರ ಹನ್ನೆರಡು. ಹದಿಮೂರು ಆಗಂಗಿಲ್ಲ."

"ಜೀವ ಉಳೀತಲ್ಲ ಗಿರಿಜಮ್ಮನವರೇ."

"ಹೆಂಗೆ ಹೇಳ್ತೀ? ಒಡೆದಿದ್ರೆ ಗೊತ್ತಾಗ್ತಿತ್ತು. ಒಡೀಲಿಲ್ಲ."

ಒಡೆಯದ ಟೈರಿಗೆ ಸಾಕ್ಷಿ ಇರುವುದಿಲ್ಲ. ಹೊಸ ಟೈರಿನ ಮೇಲೆ ಬಂದವರಿಗೆ ತಾವು ಎಲ್ಲಿ ಬೀಳುತ್ತಿದ್ದೆವು ಎಂದು ಯಾರೂ ತೋರಿಸಲಾರರು. ಅವರ ವ್ರತ ಕೆಟ್ಟದ್ದು ಮಾತ್ರ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ನದಿಯ ಮೆಟ್ಟಿಲ ಮೇಲೆ ಅಪ್ಪ ಒಬ್ಬನೇ ಕೂತಿದ್ದ. ಹೋಗಿ ಕೂತೆ.

"ಇಂಥವು ಎಷ್ಟು ಕೊರದಿ ಅಪ್ಪ?"

"ಎಣಿಸಿಲ್ಲ."

"ಯಾರ್ ಗಾಡಿಗೆ ಹೋಗ್ತಾವೆ ಅಂತ ಕೇಳಿದ್ಯಾ?"

ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. "ಕೇಳ್ಕೊಂತ ಕುಂತಿದ್ರೆ ನೀ ಕಾಲೇಜಿಗೆ ಹೋಗ್ತಿದ್ದಿಲ್ಲ" ಎಂದ.

ಅದು ನಿಜ. ನಿಜವಾದ್ದರಿಂದಲೇ ಮೈ ಉರಿಯಿತು. ನನ್ನ ಡಿಗ್ರಿಯನ್ನು ಅವನು ನನ್ನ ಬಾಯಿಗೆ ತುರುಕಿ ಮುಚ್ಚಿಸಿದ ಹಾಗಾಯಿತು. ಓದಿಸಿದ್ದು ನಾನು ಸುಮ್ಮನಿರಲೆಂದೇ ಆಗಿದ್ದರೆ ಆ ಶೆಡ್ಡಿನಲ್ಲೇ ಪಾಲಿಶ್ ಒರೆಸಿಕೊಂಡು ಇರುತ್ತಿದ್ದೆ. ಇದನ್ನು ಅವನಿಗೆ ಹೇಳಿದೆ. ಅವನು ಎದ್ದು ಹೋದ. ಅಲ್ಲಿಂದ ದಾವಣಗೆರೆಯವರೆಗೆ ನನ್ನೊಂದಿಗೆ ಆಡಿದ್ದು ಎರಡೇ ಮಾತು: ನೀರು ಬೇಕಾ, ಕಿಟಕಿ ಮುಚ್ಚು.

ಹರಿಹರ

ಊರಿಗೆ ಬಂದ ಮೇಲೆ ಎ ಬ್ಲಾಕ್, ಬಿ ಬ್ಲಾಕ್ ತುಂಬ ಸುದ್ದಿಯಾಯಿತು. ಟೈರಿನವನ ಮಗಳು ಶಿವರಾತ್ರಿ ತಪ್ಪಿಸಿದಳು. ಕೊರೆದ ಟೈರು ಯಾರದು, ಅದನ್ನು ಬೆಟ್ಟ ಹತ್ತುವ ಗಾಡಿಗೆ ಹೇರಿಸಿದ್ದು ಯಾರು ಎಂಬುದು ಸುದ್ದಿಯಲ್ಲಿರಲಿಲ್ಲ. ಸಾಹುಕಾರರು ಅಪ್ಪನಿಗೆ ಕೆಲಸ ಕೊಡುವುದು ಬಿಟ್ಟರು. ಬೇರೆಯವರು ಬಿಡಲಿಲ್ಲ. ಶೆಡ್ಡಿನ ಹೊಗೆ ನಿಲ್ಲಲಿಲ್ಲ.

ಬಿಟ್ಟುಬಿಡು, ನನ್ನ ಸಂಬಳ ಸಾಲುತ್ತದೆ ಎಂದೆ. "ಮಗಳ ಸಂಬಳದಾಗ ಕುಂತು ಉಣ್ಣಾಕೆ ನನ್ನ ಕೈಯೇನು ಬಿದ್ದುಹೋಗಿಲ್ಲ" ಎಂದ. ಅವನಿಗೂ ಅಭಿಮಾನ ಇದೆ. ನನ್ನ ಅಭಿಮಾನ ಎಲ್ಲಿಂದ ಬಂತು ಮತ್ತೆ?

ನಾನು ದಿನಾ ದಾವಣಗೆರೆಯಿಂದ ಹರಿಹರಕ್ಕೆ ಪ್ರೈವೇಟ್ ಬಸ್ಸಿನಲ್ಲಿ ಹೋಗುತ್ತೇನೆ. ನೇಪಾಳದಿಂದ ಬಂದ ಮೇಲೆ ಹತ್ತುವ ಮೊದಲು ಗಾಲಿ ನೋಡುವುದು ರೂಢಿಯಾಯಿತು. ಕಂಡಕ್ಟರುಗಳು ನಗುತ್ತಾರೆ. ಮಾರ್ಚಿ ಪರೀಕ್ಷೆಯ ಮೊದಲ ವಾರದಲ್ಲಿ ಒಂದು ದಿನ ತಡವಾಗಿ, ನೋಡದೆ ಹತ್ತಿಬಿಟ್ಟೆ. ನಡುದಾರಿಯ ದೊಡ್ಡಬಾತಿಯಲ್ಲಿ ನನ್ನ ತರಗತಿಯ ಒಂಬತ್ತು ಮಕ್ಕಳು ಹತ್ತಿದರು. ಸೀಟಿರಲಿಲ್ಲ, ಹಿಂದೆ ನಿಂತರು. ರೇಡಿಯೇಟರಿಗೆ ನೀರು ಹಾಕಲು ಬಸ್ಸು ನಿಂತಿತು. ಇಳಿದು ನೋಡಿದೆ.

ಹಿಂದಿನ ಎಡಗಡೆಯ ಗಾಲಿ. ಹೊಸದಾಗಿ ಕೊರೆದದ್ದು, ಪಾಲಿಶ್ ಇನ್ನೂ ಹಸಿ. ಅಂಚಿನ ಓರೆ ನೋಡಿದ ಮೇಲೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಿಂದಿನ ರಾತ್ರಿ ನಾನು ಮನೆಯಲ್ಲಿ ಉಣ್ಣುವ ಹೊತ್ತಿಗೇ ಅಪ್ಪ ಶೆಡ್ಡಿನಲ್ಲಿ ಅದನ್ನು ಕೊರೆದಿರಬೇಕು.

ಮಕ್ಕಳಿಗೆ ಇಳಿಯಿರಿ ಎಂದೆ.

"ಏನ್ ಮೇಡಂ, ಟೈರ್ ಇನ್ಸ್‌ಪೆಕ್ಟರ್ ಆದ್ರಾ?" ಕಂಡಕ್ಟರ್ ಬಾಗಿಲಲ್ಲೇ ನಿಂತ. "ದಿನಾ ಓಡ್ತೈತೆ ಈ ಗಾಡಿ."

"ದಿನಾ ಓಡೋದಕ್ಕೇ ಹೇಳ್ತಿರೋದು."

"ನೀವ್ ಬೇಕಾದ್ರೆ ಇಳೀರಿ. ಮಕ್ಕಳ್ನ ಯಾಕ ಇಳಿಸ್ತೀರಿ?"

"ನಾನೊಬ್ಳೇ ಇಳಿಯೋದು ನಂಗೆ ಬರಲ್ಲ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಉಳಿದ ಜನರಿಗೂ ಹೇಳಿದೆ. ಇಬ್ಬರು ಇಳಿದರು. ಉಳಿದವರು ಕಿಟಕಿಯಿಂದ ನನ್ನನ್ನು ನೋಡುತ್ತ ಹೋದರು. ಮುಂದಿನ ಬಸ್ಸು ಬರುವವರೆಗೆ ಬಿಸಿಲಲ್ಲಿ ನಿಂತೆವು. ಒಂಬತ್ತು ಮಕ್ಕಳಿಗೆ ಗಣಿತ ಪರೀಕ್ಷೆಯಲ್ಲಿ ಅರ್ಧ ಗಂಟೆ ಹೋಯಿತು.

ಹೆಡ್‌ಮಾಸ್ಟರು ಲಿಖಿತ ವಿವರಣೆ ಕೇಳಿದರು. ಕೆಟ್ಟ ಮನುಷ್ಯರಲ್ಲ. ಕಾಗದ ಮುಂದೆ ಸರಿಸಿ, "ಬಸ್ಸು ಕೆಟ್ಟಿತ್ತು ಅಂತ ಬರೀರಿ ಸಾಕು, ನಾನು ಫೈಲ್ ಮಾಡ್ತೀನಿ" ಎಂದರು. ನಾನು ವಿಷಯ ಹೇಳಿದೆ. ಅವರು ಕನ್ನಡಕ ತೆಗೆದರು. "ನಿಮ್ಮ ತಂದೆಯವರನ್ನ ಯಾಕ್ರೀ ಎಳಿತೀರಿ ಇದಕ್ಕೆ? ಸರ್ಕಾರಿ ಕಾಗದ ಇದು. ಒಮ್ಮೆ ಫೈಲಿಗೆ ಹೋದ್ರೆ ಹೋತು. ಯಾರಾದ್ರೂ ಓದ್ತಾರೆ."

ಓದಲಿ ಎಂದೆ. ಪೆನ್ನು ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಕಾಗದದ ಮೇಲೆ ಬರೆಯಲು ಬರುವವಳು ನಾನೊಬ್ಬಳೇ. ದಿನಾಂಕ ಹಾಕಿ, ಮಕ್ಕಳ ಹೆಸರು ಒಂಬತ್ತೂ ಬರೆದು, ತಡವಾದ ಕಾರಣ ಎಂಬಲ್ಲಿ ಬರೆದೆ:

‘ಬಸ್ಸಿನ ಹಿಂದಿನ ಎಡಗಡೆಯ ಟೈರು ಪ್ರಯಾಣಕ್ಕೆ ಯೋಗ್ಯವಾಗಿರಲಿಲ್ಲ. ಅದನ್ನು ಹೊಸದರಂತೆ ಕಾಣುವ ಹಾಗೆ ಕೊರೆದವರು ನನ್ನ ತಂದೆ ಹನುಮಂತಪ್ಪನವರು.’